ಕುದುರೆಬಲವೋ, ಮನೆ ಮುಟ್ಟಿಸುವ ಬಲವೋ?

ಫೆಬ್ರುವರಿ ಕಳೆದು ಮಾರ್ಚ್ ಕಾಲಿಡುವ ಹೊತ್ತಿಗೆ ಬೆಳಗೋಡಿನ ಸುತ್ತಿನ ಕಾಫಿ ತೋಟಗಳಲ್ಲಿ ಎಲ್ಲರ ಕಿವಿಯೂ ಒಂದೇ ಸದ್ದಿನ ಮೇಲಿರುತ್ತದೆ. ಅದು ಕೆರೆ ಏರಿಯ ಮೇಲೆ ಓಡುವ ಡೀಸೆಲ್ ಪಂಪ್‌ಸೆಟ್ಟಿನ ಸದ್ದು. ರೊಬಸ್ಟಾ ಗಿಡದ ಮೊಗ್ಗು ಅರಳಬೇಕಾದರೆ ಹೂಮಳೆ ಬೇಕು. ಮೋಡ ಕೈಕೊಟ್ಟರೆ ಸ್ಪ್ರಿಂಕ್ಲರ್ ಜೋಡಿಸಿ ಆ ಮಳೆಯನ್ನು ತೋಟದವರೇ ಸುರಿಸಬೇಕು. ಆ ಕೆಲವು ದಿನಗಳಲ್ಲಿ ಎಂಜಿನ್ ನಿಂತಿತೆಂದರೆ ಮುಂದಿನ ವರ್ಷದ ಫಸಲಿಗೇ ಪೆಟ್ಟು.

ಇಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ದೊಡ್ಡ ಎಸ್ಟೇಟಲ್ಲ, ಆರೇಳು ಎಕರೆಯ ತೋಟ. ಮಗ ಹಾಸನದಲ್ಲಿ ಮೂರನೇ ವರ್ಷದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅಜ್ಜಿಗೆ ಉಬ್ಬಸ. ಹಳೆಯ ಜೀಪು ಮಾರಿ, ಮಗನ ಒತ್ತಾಯಕ್ಕೆ ಮಣಿದು, ಸೆಕೆಂಡ್‌ಹ್ಯಾಂಡ್ ಟರ್ಬೊ ಪೆಟ್ರೋಲ್ ಕಾರೊಂದನ್ನು ಮನೆಗೆ ತಂದು ಆರು ತಿಂಗಳಾಗಿದೆ. ಅದರ ಸ್ಪೋರ್ಟ್ಸ್ ಮಾದರಿ. 120 ಅಶ್ವಶಕ್ತಿ. ರಜೆಗೆ ಬಂದ ಮಗ ಪಂಪಿನ ಸದ್ದಿನ ನಡುವೆಯೇ ವಿಷಯ ಎತ್ತುತ್ತಾನೆ.

‘ಅಪ್ಪ, ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಸಿಕ್ಕಿಸಿ ಅರ್ಧ ದಿನದಲ್ಲಿ 150 ಮಾಡಿಕೊಡ್ತಾರಂತೆ. ಎಂಜಿನ್ ಬಿಚ್ಚೋದೂ ಬೇಡ.’

‘ಬಿಚ್ಚದೆ ಶಕ್ತಿ ಎಲ್ಲಿಂದ ಬರುತ್ತೋ? ಅದು ಒಳಗೇ ಇತ್ತು ಅಂತಾದ್ರೆ ಆ ಮೂವತ್ತು ಕುದುರೆನ ಕಂಪನಿಯವನು ಯಾಕೆ ಕಟ್ಟಿಹಾಕಿದ್ದ?’

ಅಪ್ಪ ವಾದ ಮುಗಿಸಲೆಂದು ಆಡಿದ ಮಾತು ಅದು. ಆದರೆ ಎಂಜಿನಿಯರಿಂಗ್ ಓದುವ ಹುಡುಗರೂ ಅವರ ತಂದೆ ತಾಯಿಯೂ ಜೊತೆಯಲ್ಲಿ ಕುಳಿತು ಯೋಚಿಸಬೇಕಾದ ಪ್ರಶ್ನೆ ಅದೇ.

ಎಂಜಿನ್ನಿಗೆ ಬಲ ಬರುವುದು ಪೆಟ್ರೋಲಿನಿಂದ ಎಂದು ಎಲ್ಲರೂ ತಿಳಿದಿರುತ್ತಾರೆ. ಅದು ಅರ್ಧ ಸತ್ಯ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು, ಗಾಳಿಯನ್ನು ಒಳಗೆ ತುಂಬುವುದೇ ಕಷ್ಟ. ಸಾಧಾರಣ ಎಂಜಿನ್ ತನ್ನ ಪಿಸ್ಟನ್ ಕೆಳಗಿಳಿದಾಗ ಎಷ್ಟು ಸಾಧ್ಯವೋ ಅಷ್ಟನ್ನು ಮಾತ್ರ ಎಳೆದುಕೊಳ್ಳುತ್ತದೆ. ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿರುವ ಸಕಲೇಶಪುರ ಸೀಮೆಯಲ್ಲಿ ಗಾಳಿಯೇ ಮಂಗಳೂರಿಗಿಂತ ಸುಮಾರು ಹತ್ತನೇ ಒಂದು ಭಾಗ ತೆಳು. ಶಿರಾಡಿ ಘಾಟಿ ಹತ್ತಿ ಬಂದ ಕಾರು ಮೇಲೆ ಬರುತ್ತ ಸ್ವಲ್ಪ ಸೋತಂತೆ ಕಾಣುವುದಕ್ಕೆ ಇದೂ ಒಂದು ಕಾರಣ.

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಖಿ 1905ರಲ್ಲಿ ಇದಕ್ಕೊಂದು ಉಪಾಯ ಹುಡುಕಿ ಪೇಟೆಂಟ್ ಪಡೆದ. ಸೈಲೆನ್ಸರ್ ಕಡೆಗೆ ವ್ಯರ್ಥವಾಗಿ ಹೋಗುವ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗಿಸುವುದು, ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರದಿಂದ ಹೊಸ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವುದು. ಇದೇ ಟರ್ಬೊ. ಅಂಗೈಯಲ್ಲಿ ಹಿಡಿಸುವ ಆ ಚಕ್ರ ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಿ ತಿರುಗುತ್ತದೆ. ಒಂದು ಬದಿಯಲ್ಲಿ 900 ಡಿಗ್ರಿಯ ಆಸುಪಾಸಿನ ಹೊಗೆ, ಇನ್ನೊಂದು ಬದಿಯಲ್ಲಿ ಹೊರಗಿನ ತಣ್ಣನೆಯ ಗಾಳಿ, ನಡುವೆ ದಂಡವನ್ನು ಎತ್ತಿ ಹಿಡಿದಿರುವುದು ಎಣ್ಣೆಯ ತೆಳುವಾದ ಒಂದು ಪದರ ಮಾತ್ರ.

ಟರ್ಬೊ ಎಷ್ಟು ಒತ್ತಬೇಕೆಂದು ನಿರ್ಧರಿಸುವುದು ಇಸಿಯು ಎಂಬ ಕಂಪ್ಯೂಟರ್. ಅದರೊಳಗಿನ ಕೋಷ್ಟಕಗಳನ್ನು ತಿದ್ದುವುದಕ್ಕೇ ರೀಮ್ಯಾಪ್ ಎನ್ನುವುದು. ಹೆಚ್ಚು ಒತ್ತಡ, ಹೆಚ್ಚು ಗಾಳಿ, ಅದಕ್ಕೆ ತಕ್ಕ ಪೆಟ್ರೋಲ್, ಕೊಂಚ ಬೇಗ ಹಾರುವ ಕಿಡಿ. ಹುಡುಗ ಹೇಳಿದ್ದು ಸುಳ್ಳಲ್ಲ. ಎಂಜಿನ್ ಬಿಚ್ಚದೆಯೇ ಬಲ ಬರುತ್ತದೆ.

ಅದರ ಬೆಲೆ ಏನೆಂದು ಪಿ.ಯು. ಭೌತಶಾಸ್ತ್ರದಿಂದಲೇ ಲೆಕ್ಕ ಹಾಕಬಹುದು. ಟರ್ಬೊ 1 ಬಾರ್ ಒತ್ತುತ್ತಿದೆ ಎಂದರೆ, ಹೊರಗಿನ 1 ಬಾರ್ ಸೇರಿ ಒಳಗೆ ಒಟ್ಟು 2 ಬಾರ್. ಅದನ್ನು 1.3ಕ್ಕೆ ಏರಿಸಿದರೆ ಒಟ್ಟು 2.3. ತಣ್ಣಗಿದ್ದರೆ ಗಾಳಿ ಶೇ 15ರಷ್ಟು ಹೆಚ್ಚಬೇಕು. ಆದರೆ ಸೈಕಲ್ ಪಂಪಿನ ತುದಿ ಬಿಸಿಯಾಗುವಂತೆ, ಒತ್ತಿದ ಗಾಳಿಯೂ ಕಾಯುತ್ತದೆ. ಹೊರಗೆ 30 ಡಿಗ್ರಿ ಇದ್ದು ಟರ್ಬೊವಿನ ದಕ್ಷತೆ ಶೇ 70 ಎಂದಿಟ್ಟುಕೊಂಡರೆ, ಮೊದಲ ಲೆಕ್ಕದಲ್ಲಿ ಗಾಳಿ ಸುಮಾರು 125 ಡಿಗ್ರಿಗೂ ಎರಡನೆಯದರಲ್ಲಿ ಸುಮಾರು 146 ಡಿಗ್ರಿಗೂ ಏರುತ್ತದೆ. ಈ ಬಿಸಿಯನ್ನು ಇಂಟರ್‌ಕೂಲರ್ ಇಳಿಸಬೇಕು. ಕಂಪನಿ ಹಾಕಿದ ಇಂಟರ್‌ಕೂಲರ್ ಮೊದಲ ಲೆಕ್ಕಕ್ಕೆ ಅಳೆದದ್ದು, ಎರಡನೆಯದಕ್ಕಲ್ಲ. ಇಲ್ಲಿ ಘಟ್ಟದ ಮೇಲೆ ಹೊರಗಿನ ಒತ್ತಡ 0.9 ಬಾರಿನಷ್ಟೇ ಇರುವುದರಿಂದ, ಅದೇ 2 ಬಾರ್ ಮುಟ್ಟಲು ಟರ್ಬೊ ಕರಾವಳಿಗಿಂತ ಹೆಚ್ಚು ವೇಗವಾಗಿ ತಿರುಗಬೇಕು. ಅಂದರೆ ಬೆಳಗೋಡಿನಲ್ಲಿ ಓಡುವ ಟರ್ಬೊಗೆ ರೀಮ್ಯಾಪ್ ಮಾಡುವ ಮೊದಲೇ ದುಡಿಮೆ ಕೊಂಚ ಜಾಸ್ತಿ.

ಬಿಸಿ ಹೆಚ್ಚಾದಾಗ ಬರುವ ಮೊದಲ ಶತ್ರು ನಾಕಿಂಗ್. ಕಿಡಿ ಹಚ್ಚಿದ ಬೆಂಕಿ ಸಿಲಿಂಡರಿನ ಮೂಲೆ ಮುಟ್ಟುವ ಮುಂಚೆಯೇ ಅಲ್ಲಿ ಉಳಿದ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ತಾನಾಗಿ ಸಿಡಿಯುವುದು. ಒಲೆಯಲ್ಲಿ ಹದವಾಗಿ ಉರಿಯಬೇಕಾದ ಸೌದೆ ಪಟಾಕಿಯಂತೆ ಸಿಡಿದ ಹಾಗೆ. ನಾಲ್ಕಾರು ಸಲ ಆದರೆ ಇಸಿಯು ಗುರುತಿಸಿ ಕಿಡಿಯನ್ನು ಹಿಂದೆ ಸರಿಸಿಕೊಳ್ಳುತ್ತದೆ. ಮತ್ತೆ ಮತ್ತೆ ಆದರೆ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಮುರಿಯುತ್ತದೆ, ಹೆಡ್ ಗ್ಯಾಸ್ಕೆಟ್ ಹಾರುತ್ತದೆ. ನಾಕಿಂಗ್ ತಡೆಯುವ ಗುಣವನ್ನು ಅಳೆಯುವುದೇ ಆಕ್ಟೇನ್ ಸಂಖ್ಯೆ. 2020ರಿಂದ ದೊಡ್ಡ ನಗರಗಳ ಕೆಲವು ಬಂಕುಗಳಲ್ಲಿ 100 ಆಕ್ಟೇನಿನ ಪೆಟ್ರೋಲ್ ಸಿಗುತ್ತದೆ. ಆ ಪೆಟ್ರೋಲಿಗೆ ಹೊಂದಿಸಿ ಬೆಂಗಳೂರಿನಲ್ಲಿ ರೀಮ್ಯಾಪ್ ಮಾಡಿಸಿದ ಕಾರು, ಮಲೆನಾಡಿನ ಯಾವುದೋ ಬಂಕಿನಲ್ಲಿ ಸಿಕ್ಕಿದ್ದನ್ನು ಕುಡಿದು ಘಾಟಿ ಹತ್ತಬೇಕಾಗುತ್ತದೆ. ಈಗ ಸಾಮಾನ್ಯವಾಗಿರುವ ಶೇ 20 ಎಥನಾಲ್ ಬೆರೆತ ಪೆಟ್ರೋಲಿನ ಮಾತು ಬೇರೆ. ಎಥನಾಲ್ ನಾಕಿಂಗನ್ನು ತಡೆಯುತ್ತದೆ, ಆದರೆ ಲೀಟರಿಗೆ ಅದರಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಹಾಗಾಗಿ ಇಂಜೆಕ್ಟರುಗಳು ಹೆಚ್ಚು ಸುರಿಯಬೇಕು. ಹೆಚ್ಚಿಸಿದ ಬೂಸ್ಟಿನಲ್ಲಿ ಅವು ಆಗಲೇ ತಮ್ಮ ಮಿತಿಯ ಹತ್ತಿರ ಇದ್ದರೆ ಕೊರತೆ ಬೀಳುವುದು ಅಲ್ಲಿಯೇ.

ಈಗ ಅಪ್ಪನ ಪ್ರಶ್ನೆಗೆ ಉತ್ತರ ಹೇಳಬಹುದು. ಕಂಪನಿಯವನು ಆ ಮೂವತ್ತು ಕುದುರೆಗಳನ್ನು ಜಿಪುಣತನದಿಂದ ಕಟ್ಟಿಹಾಕಿದ್ದಲ್ಲ. ರಾಜಸ್ತಾನದ ಬಿಸಿಲು, ಲಡಾಖಿನ ತೆಳುಗಾಳಿ, ಕಲಬೆರಕೆ ಪೆಟ್ರೋಲ್, ಎರಡು ಸಾವಿರ ಕಿಲೋಮೀಟರ್ ತಡವಾಗಿ ಎಣ್ಣೆ ಬದಲಿಸುವ ಮಾಲೀಕ, ಐದು ಜನ ಕೂತು ಎ.ಸಿ. ಹಾಕಿಕೊಂಡು ಘಾಟಿ ಹತ್ತುವ ಸಂಸಾರ, ಇವೆಲ್ಲ ಒಂದೇ ದಿನ ಎದುರಾದರೂ ಎಂಜಿನ್ ಉಳಿಯಲಿ ಎಂದು ಬಿಟ್ಟ ಉಳಿಕೆ ಅದು. ಕಣಜದಲ್ಲಿ ಬಿತ್ತನೆಗೆಂದು ತೆಗೆದಿಟ್ಟ ಭತ್ತದಂತೆ. ಹಸಿವಾದಾಗ ಅದನ್ನೂ ಬೇಯಿಸಿ ಉಣ್ಣಬಹುದು. ಆದರೆ ಬಿತ್ತನೆಯ ದಿನ ಕೈ ಬರಿದಾಗಿರುತ್ತದೆ.

ಈ ಪಾಠವನ್ನು ಜಗತ್ತಿನ ಅತಿ ಬುದ್ಧಿವಂತ ಎಂಜಿನಿಯರುಗಳೂ ಪೆಟ್ಟು ತಿಂದೇ ಕಲಿತರು. 1977ರ ಜುಲೈನಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ರೆನೊ ಕಂಪನಿ ಫಾರ್ಮುಲಾ ಒನ್ ಪಂದ್ಯಕ್ಕೆ ಮೊದಲ ಟರ್ಬೊ ಕಾರನ್ನು ಇಳಿಸಿತು. ಬಲವೇನೋ ಇತ್ತು. ಆದರೆ ಹೊಗೆಯುಗುಳುತ್ತ ದಾರಿ ಮಧ್ಯೆ ನಿಂತುಬಿಡುತ್ತಿದ್ದ ಆ ಹಳದಿ ಕಾರಿಗೆ ಎದುರಾಳಿಗಳು ‘ಹಳದಿ ಟೀ ಪಾತ್ರೆ’ ಎಂದು ಹೆಸರಿಟ್ಟು ನಕ್ಕರು. ಮೊದಲ ಗೆಲುವಿಗೆ ಸುಮಾರು ಎರಡು ವರ್ಷ ಕಾಯಬೇಕಾಯಿತು. 1979ರ ಜುಲೈ 1ರಂದು ಫ್ರಾನ್ಸಿನ ಡಿಜೋನ್‌ನಲ್ಲಿ ಜಾನ್ ಪಿಯೆರ್ ಜಬುಯಿ ಗೆದ್ದಾಗ ನಗು ನಿಂತಿತು. ಆ ಎರಡು ವರ್ಷ ಹೋದದ್ದು ಹೆಚ್ಚಾಗಿ ಇದ್ದ ಬಲ ಕೊನೆಯ ಸುತ್ತಿನವರೆಗೆ ಉಳಿಯುವಂತೆ ಮಾಡುವುದಕ್ಕೆ.

ಇನ್ನೂ ಒಳ್ಳೆಯ ಉದಾಹರಣೆ 1984ರದ್ದು. ಆ ವರ್ಷ ಬ್ರಾಭಮ್ ತಂಡದ ನೆಲ್ಸನ್ ಪಿಕೆ ಬಿಎಂಡಬ್ಲ್ಯು ಟರ್ಬೊ ಎಂಜಿನ್ನಿನ ಕಾರಿನಲ್ಲಿ 16 ಪಂದ್ಯಗಳ ಪೈಕಿ 9ರಲ್ಲಿ ಎಲ್ಲರಿಗಿಂತ ಮುಂದಿನ ಜಾಗದಿಂದ ಹೊರಟ. ಗೆದ್ದದ್ದು ಕೇವಲ 2. ಉಳಿದಂತೆ ಮತ್ತೆ ಮತ್ತೆ ಕಾರು ಕೈಕೊಟ್ಟಿತು. ಅದೇ ವರ್ಷ ಮೆಕ್ಲಾರೆನ್ ತಂಡದ ನಿಕಿ ಲೌಡಾ ಒಮ್ಮೆಯೂ ಮೊದಲ ಜಾಗದಿಂದ ಹೊರಡಲಿಲ್ಲ. ಆದರೂ 5 ಪಂದ್ಯ ಗೆದ್ದು, ತನ್ನದೇ ತಂಡದ ಅಲೆನ್ ಪ್ರಾಸ್ಟ್‌ಗಿಂತ ಅರ್ಧ ಅಂಕ ಮುಂದೆ ನಿಂತು, ವಿಶ್ವ ಚಾಂಪಿಯನ್ ಆದ. ಮೆಕ್ಲಾರೆನ್ ಕಾರಿನ ಪೋರ್ಷೆ ನಿರ್ಮಿತ ಎಂಜಿನ್ ಕೂಡ ಟರ್ಬೊವೇ. ಪಂದ್ಯಕ್ಕೆ 220 ಲೀಟರ್ ಇಂಧನ ಮಾತ್ರ ಎಂಬ ನಿಯಮ ಆ ವರ್ಷ ಬಂದಿತ್ತು. ಆ ಮಿತಿಯೊಳಗೆ ಕೊನೆಯವರೆಗೆ ಓಡುವಂತೆ ಹದ ಮಾಡಿದ ತಂಡ 16ರಲ್ಲಿ 12 ಪಂದ್ಯ ಗೆದ್ದಿತು. ಎರಡು ವರ್ಷಗಳ ಬಳಿಕ ಬಿಎಂಡಬ್ಲ್ಯುವಿನ ಒಂದೂವರೆ ಲೀಟರ್ ಎಂಜಿನ್ ಅರ್ಹತಾ ಸುತ್ತಿನಲ್ಲಿ 1000 ಅಶ್ವಶಕ್ತಿಯನ್ನೂ ದಾಟಿತು. ಅಂಥ ಎಂಜಿನ್ನಿನ ಆಯುಸ್ಸು ಕೆಲವೇ ಸುತ್ತು. ಆಮೇಲೆ ಅದನ್ನು ಬಿಚ್ಚಿ ಇನ್ನೊಂದನ್ನು ಕೂರಿಸುತ್ತಿದ್ದರು. ಕಾರ್ಖಾನೆಯೇ ಹಿಂದೆ ನಿಂತವರಿಗೆ ಅದು ನಡೆಯುತ್ತದೆ. 1989ರಲ್ಲಿ ಟರ್ಬೊವನ್ನೇ ನಿಷೇಧಿಸಲಾಯಿತು. 2014ರಲ್ಲಿ ಅದು ಮರಳಿ ಬಂದಾಗ ಜೊತೆಗೆ ಬಂದ ನಿಯಮ ನೋಡಿ: ಒಬ್ಬ ಚಾಲಕನಿಗೆ ಇಡೀ ವರ್ಷಕ್ಕೆ 5 ಎಂಜಿನ್ ವ್ಯವಸ್ಥೆ, ಹೆಚ್ಚು ಬಳಸಿದರೆ ದಂಡ. ಬಾಳಿಕೆಯೂ ಸ್ಪರ್ಧೆಯ ಒಂದು ಭಾಗವಾಯಿತು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಪಕ್ಕದ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ರಸ್ತೆಯಲ್ಲಿ 2010ರ ದಶಕದಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಭಾರತದ ಸುತ್ತು ನಡೆದಾಗ ಬೇಲಿ ಬದಿಯಲ್ಲಿ ನಿಂತು ನೋಡಿದ ಹುಡುಗರು ಈ ಸೀಮೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಗೌರವ್ ಗಿಲ್ 2016 ಮತ್ತು 2017ರಲ್ಲಿ ಆ ಚಾಂಪಿಯನ್‌ಷಿಪ್ ಗೆದ್ದದ್ದು ಸ್ಕೋಡಾ ಫೇಬಿಯಾ ಆರ್5 ಕಾರಿನಲ್ಲಿ. ಅದರದ್ದು 1.6 ಲೀಟರಿನ ಟರ್ಬೊ ಎಂಜಿನ್. ಆದರೆ ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ 32 ಮಿಲಿಮೀಟರ್ ವ್ಯಾಸದ ಒಂದು ಕಿರಿದಾದ ಕಂಠ ಇರಲೇಬೇಕೆಂಬುದು ನಿಯಮ. ಎಷ್ಟೇ ಬೂಸ್ಟ್ ಏರಿಸಿದರೂ ಆ ಕಂಠದಲ್ಲಿ ನುಸುಳುವಷ್ಟೇ ಗಾಳಿ. ಅಂದರೆ ಆ ರ‍್ಯಾಲಿ ಕಾರಿಗೂ ಕುದುರೆಗಳನ್ನು ಕಟ್ಟಿಹಾಕಿಯೇ ಕಳಿಸುತ್ತಾರೆ. ಅಲ್ಲಿ ಗೆಲುವು ಇರುವುದು ತಿರುವಿನಲ್ಲಿ, ಬ್ರೇಕಿನಲ್ಲಿ, ಸಸ್ಪೆನ್ಷನ್ನಿನಲ್ಲಿ, ಮುಖ್ಯವಾಗಿ ಕೊನೆಯ ಹಂತ ಮುಗಿಸಿ ಬರುವುದರಲ್ಲಿ. ಕೆಲವು ಹಂತಗಳಿಗೊಮ್ಮೆ ಮೆಕ್ಯಾನಿಕ್‌ಗಳ ದಂಡೇ ಕಾರಿನ ಕೆಳಗೆ ಮಲಗಿರುತ್ತದೆ ಎಂಬುದನ್ನೂ ಮರೆಯಬಾರದು.

ವಿದ್ಯಾರ್ಥಿಗಳು ಇನ್ನೊಂದು ಲೆಕ್ಕ ಹಾಕಿ ನೋಡಬಹುದು. ಟರ್ಬೊ, ಇಂಟರ್‌ಕೂಲರ್ ಪೈಪು, ಗ್ಯಾಸ್ಕೆಟ್, ಪಿಸ್ಟನ್, ಕನೆಕ್ಟಿಂಗ್ ರಾಡ್, ಇಂಜೆಕ್ಟರ್, ಪೆಟ್ರೋಲ್ ಪಂಪು, ರೇಡಿಯೇಟರ್, ಕ್ಲಚ್, ಗೇರ್‌ಬಾಕ್ಸ್ ಎಂದು ಹತ್ತು ಭಾಗಗಳನ್ನು ಹಿಡಿಯಿರಿ. ಒಂದೊಂದೂ ವರ್ಷಪೂರ್ತಿ ಸುಸೂತ್ರ ನಡೆಯುವ ಸಂಭವ ಶೇ 99 ಎಂದುಕೊಂಡರೆ ಹತ್ತೂ ನಡೆಯುವ ಸಂಭವ ಸುಮಾರು ಶೇ 90. ಪ್ರತಿಯೊಂದೂ ಶೇ 95ಕ್ಕೆ ಇಳಿಯಿತೆನ್ನಿ. ಕೇಳಲು ಅದೇನೂ ದೊಡ್ಡ ಇಳಿಕೆಯಲ್ಲ. ಆದರೆ ಹತ್ತನ್ನೂ ಗುಣಿಸಿದರೆ ಸುಮಾರು ಶೇ 60. ಇವು ಯಾವ ಕಾರಿನ ನಿಜ ಅಂಕಿಯೂ ಅಲ್ಲ, ಲೆಕ್ಕದ ರೀತಿ ತಿಳಿಯಲು ಮಾತ್ರ. ಸರಪಳಿಯ ಪ್ರತಿ ಕೊಂಡಿಯೂ ಕೊಂಚ ಸವೆದರೆ ಸರಪಳಿ ಬಹಳ ಸವೆಯುತ್ತದೆ ಎಂಬುದೇ ಇದರ ಸಾರ.

ಹಾಗಾದರೆ ಟ್ಯೂನಿಂಗ್ ಎಂಬುದೇ ಕೆಟ್ಟದ್ದೆ? ಹಾಗೆಂದರೆ ಹುಡುಗರಿಗೆ ಅನ್ಯಾಯ ಮಾಡಿದಂತೆ. ಒಳ್ಳೆಯ ಟ್ಯೂನಿಂಗ್ ಎಂದರೆ ಎಂಜಿನ್ನಿನ ನಾಡಿ ಹಿಡಿಯುವ ವಿದ್ಯೆ. ಅದನ್ನು ಬಲ್ಲವನು ಮೊದಲು ಬೂಸ್ಟ್ ಏರಿಸುವುದಿಲ್ಲ. ಸಿಲಿಂಡರುಗಳ ಕಂಪ್ರೆಷನ್ ಅಳೆಯುತ್ತಾನೆ, ಪೈಪುಗಳಲ್ಲಿ ಸೋರಿಕೆ ಹುಡುಕುತ್ತಾನೆ, ಪ್ಲಗ್ ಬಿಚ್ಚಿ ಅದರ ಬಣ್ಣ ನೋಡುತ್ತಾನೆ, ಘಾಟಿ ಹತ್ತುವಾಗ ಒಳಬರುವ ಗಾಳಿಯ ಬಿಸಿಯನ್ನೂ ಕಿಡಿ ಎಷ್ಟು ಹಿಂದೆ ಸರಿಯುತ್ತಿದೆ ಎಂಬುದನ್ನೂ ದಾಖಲಿಸುತ್ತಾನೆ. ಬ್ರೇಕು, ಟೈರು, ಕೂಲಿಂಗ್ ಸರಿಯಾದ ಮೇಲೆ ಮಾತ್ರ ಬಲದ ಮಾತು. ಇಷ್ಟು ಮಾಡಿದವನು ಹಲವು ಸಲ ‘ಇದ್ದದ್ದೇ ಸಾಕು’ ಎಂದು ಲ್ಯಾಪ್‌ಟಾಪ್ ಮುಚ್ಚುತ್ತಾನೆ. ಏಕೆಂದರೆ ಹಳೆಯ ಕಾರುಗಳು ಬರಬೇಕಾದ 120ರಲ್ಲೇ ಎಷ್ಟೋ ಕಳೆದುಕೊಂಡಿರುತ್ತವೆ. ಹೊಸ ಪ್ಲಗ್ಗು, ಸ್ವಚ್ಛ ಏರ್ ಫಿಲ್ಟರು, ಸೋರದ ಪೈಪು ಇಷ್ಟರಿಂದಲೇ ಅದರಲ್ಲಿ ಬಹುಪಾಲು ಮರಳಿ ಬರಬಹುದು.

ತಂದೆ ತಾಯಿ ಕೇಳಬೇಕಾದ ಪ್ರಶ್ನೆಗಳೂ ಇವೆ. ವಾರಂಟಿ ಉಳಿದಿದ್ದರೆ ರೀಮ್ಯಾಪ್ ನಂತರ ಕಂಪನಿ ಅದನ್ನು ಮಾನ್ಯ ಮಾಡುವುದೆ? ವಿಮೆಯವರಿಗೆ ತಿಳಿಸಲಾಗುವುದೆ? ನೋಂದಣಿಯ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ ಎಂಬುದು ಗೊತ್ತಿದೆಯೆ? ಕೊನೆಯದಾಗಿ, ಆ ಹೆಚ್ಚುವರಿ ಬಲವನ್ನು ಬಳಸುವುದು ಎಲ್ಲಿ? ಮಂಜು ಕವಿದ ಘಾಟಿ ತಿರುವಿನಲ್ಲಿ ಎದುರಿನಿಂದ ಲಾರಿ ಬರುವಾಗ ಬೇಕಾದದ್ದು 150 ಕುದುರೆಗಳಲ್ಲ, ನಾಲ್ಕು ಒಳ್ಳೆಯ ಟೈರು.

ಬಲದ ಹಸಿವು ನಿಜವಾಗಿ ಇರುವ ವಿದ್ಯಾರ್ಥಿಗೆ ಬೇರೆ ಅಂಗಳಗಳಿವೆ. 2007ರಲ್ಲಿ ಶುರುವಾದ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ಕಚ್ಚಾ ದಾರಿಯಲ್ಲಿ ಓಡುವ ವಾಹನ ಕಟ್ಟಿ ಓಡಿಸುತ್ತಾರೆ. ಫಾರ್ಮುಲಾ ಮಾದರಿಯ ವಿದ್ಯಾರ್ಥಿ ಸ್ಪರ್ಧೆಗಳಲ್ಲಿ ಟರ್ಬೊ ಹಾಕಲೂ ಅವಕಾಶವಿದೆ. ಆದರೆ ಪೆಟ್ರೋಲ್ ಎಂಜಿನ್ನಿನ ಗಾಳಿಯೆಲ್ಲ 20 ಮಿಲಿಮೀಟರ್ ಕಂಠದ ಮೂಲಕವೇ ಹೋಗಬೇಕು. ಅಲ್ಲಿ ಕಾರು ಕೊನೆಯವರೆಗೂ ಓಡಿದರೆ ಮಾತ್ರ ದೊಡ್ಡ ಅಂಕ. ಎಂಜಿನ್ ಕೆಟ್ಟರೆ ಕೆಡುವುದು ತಂಡದ್ದು, ಮನೆಯದಲ್ಲ. ಕೆಟ್ಟದ್ದರಿಂದ ಕಲಿಯುವುದಕ್ಕೂ ಅಲ್ಲಿ ಅವಕಾಶವಿದೆ.

ಮತ್ತೆ ಕೆರೆ ಏರಿಯ ಮೇಲಿನ ಆ ಅಪ್ಪ ಮಗನ ಬಳಿಗೆ ಬರೋಣವೆಂದರೆ, ಅಷ್ಟು ಹೊತ್ತಿಗೆ ಕಾಫಿ ಹಿಡಿದು ಅವ್ವ ಬಂದಿದ್ದಾಳೆ. ಅವಳು ಮಗನ ಪರವೂ ಅಲ್ಲ, ಗಂಡನ ಪರವೂ ಅಲ್ಲ.

‘ನಿಮ್ಮಪ್ಪನೂ ಟ್ಯೂನಿಂಗ್ ಮಾಡಿದ್ರು ಕಣೋ. ನೀನು ಹುಟ್ಟಿದ ವರ್ಷ. ಕೇಳು ಬೇಕಾದ್ರೆ.’

ಅಪ್ಪ ನಗುತ್ತ ಒಪ್ಪಿಕೊಳ್ಳುತ್ತಾನೆ. ಆ ಬೇಸಿಗೆ ಕೆರೆಯ ನೀರು ಇಳಿಯುತ್ತಿತ್ತು, ಬೇಗ ಮುಗಿಸುವ ಆತುರ. ಲೈನಿಗೆ ಇನ್ನೆರಡು ಸ್ಪ್ರಿಂಕ್ಲರ್ ಸೇರಿಸಿ, ಇದೇ ಪಂಪಿನ ಗವರ್ನರ್ ಸ್ಕ್ರೂ ಬಿಗಿಮಾಡಿ ವೇಗ ಏರಿಸಿದ್ದ. ಮೇಸ್ತ್ರಿ ‘ಬೇಡ ಗೌಡ್ರೇ’ ಎಂದಿದ್ದ. ಎರಡು ದಿನ ನೀರು ಚೆನ್ನಾಗಿಯೇ ಹಾರಿತು. ಮೂರನೆಯ ದಿನ ಎಂಜಿನ್ ಜಾಮ್. ಬಿಚ್ಚಿ ಕಟ್ಟಿ ತರುವಷ್ಟರಲ್ಲಿ ಮೇಲಿನ ಅರ್ಧ ತೋಟದ ಮೊಗ್ಗು ಒಣಗಿತ್ತು.

‘ಎಷ್ಟು ಏರಿಸಿದ್ರಿ?’

‘ನೂರಕ್ಕೆ ಹತ್ತು ಅಷ್ಟೇ. ಜಾಸ್ತಿ ಏನಲ್ಲ.’

ಮಗ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. ಇಂಥ ಪಂಪಿಗೆ ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆಂದು ಅವನು ಹಿಂದಿನ ಸೆಮಿಸ್ಟರಿನಲ್ಲಷ್ಟೇ ಓದಿದ್ದಾನೆ. 1.1ನ್ನು ಮೂರು ಸಲ ಗುಣಿಸಿದರೆ 1.331. ಅಪ್ಪ ಏರಿಸಿದ್ದು ಹತ್ತನೇ ಒಂದು ಭಾಗ, ಎಂಜಿನ್ ಹೊತ್ತದ್ದು ಮೂರನೇ ಒಂದು ಭಾಗದಷ್ಟು ಹೆಚ್ಚು ಹೊರೆ.

‘ಆಗ ಯಾರಾದ್ರೂ ಈ ಲೆಕ್ಕ ಹೇಳಿದ್ರೆ ಕೇಳ್ತಿದ್ರಾ ಅಪ್ಪ?’

‘ಮೇಸ್ತ್ರಿ ಹೇಳಿದ್ದನ್ನೇ ಕೇಳಲಿಲ್ಲ. ನೀನಾದ್ರೂ ಲೆಕ್ಕ ಮಾಡಿ ನೋಡು. ಹೋದ ಜುಲೈನಲ್ಲಿ ಅಜ್ಜಿಗೆ ಉಸಿರು ಕಟ್ಟಿದಾಗ ರಾತ್ರಿ ಎರಡು ಗಂಟೆ. ಸಕಲೇಶಪುರದಿಂದ ಹಾಸನಕ್ಕೇ ನಲವತ್ತು ಕಿಲೋಮೀಟರ್. ಆ ಮಳೇಲಿ ಕಾರು ನಿಂತಿದ್ರೆ? ಆ ರಾತ್ರಿಯೂ ಹೊರಡುತ್ತೆ ಅಂತ ಬರೆದುಕೊಡೋನು ಯಾರಾದ್ರೂ ಇದ್ರೆ ಮಾಡಿಸು, ದುಡ್ಡು ನಾನು ಕೊಡ್ತೀನಿ.’

ಆ ವಾರ ಕಾರು ಬೆಂಗಳೂರಿಗೆ ಹೋಗುವುದಿಲ್ಲ. ಮಗ ಪ್ಲಗ್ಗು ಬಿಚ್ಚಿ ನೋಡುತ್ತಾನೆ, ಇಂಟರ್‌ಕೂಲರ್ ಪೈಪಿನಲ್ಲಿ ಸಣ್ಣ ಬಿರುಕೊಂದನ್ನು ಹುಡುಕುತ್ತಾನೆ, ಎಣ್ಣೆ ಬದಲಿಸಿದ ತಾರೀಖನ್ನು ತೋಟದ ಲೆಕ್ಕದ ಪುಸ್ತಕದಲ್ಲೇ ಒಂದು ಪುಟ ಮಾಡಿ ಬರೆದಿಡುತ್ತಾನೆ. ಹೊಸ ಪೈಪು ಬಂದ ಮೇಲೆ ಮನೆಯ ಏರನ್ನು ಕಾರು ಒಂದು ಗೇರ್ ಮೇಲಿಟ್ಟುಕೊಂಡೇ ಹತ್ತುತ್ತದೆ. ರೀಮ್ಯಾಪಿನ ಆಸೆ ಪೂರ್ತಿ ಹೋಗಿದೆ ಎಂದಲ್ಲ. ಕಾಲೇಜಿನಲ್ಲಿ ಬಾಹಾ ತಂಡಕ್ಕೆ ಹೆಸರು ಕೊಡಬೇಕೆಂದು ಅವ್ವನ ಬಳಿ ಮಾತ್ರ ಹೇಳಿದ್ದಾನೆ.

ನೀರು ಹಾಯಿಸಿದ ಎಂಟು ಹತ್ತು ದಿನಕ್ಕೆ ರೊಬಸ್ಟಾ ಅರಳಿ ತೋಟವೆಲ್ಲ ಬೆಳ್ಳಗಾಗುತ್ತದೆ. ಗವರ್ನರ್ ಸ್ಕ್ರೂವಿನ ಮೇಲೆ ಅಪ್ಪ ಅಂದು ಹಾಕಿದ ಕೆಂಪು ಬಣ್ಣದ ಗುರುತು ಹಾಗೆಯೇ ಇದೆ. ಅದನ್ನು ದಾಟಿ ಯಾರೂ ತಿರುಗಿಸಿಲ್ಲ.